ತಣ್ಣಗಿದ್ದ ಸರ್ವರ್

ಮಾಸ್ತರರಿಗೆ ಸುಜಾತಳ ನಮಸ್ಕಾರ.

ನಿಮ್ಮ ಕಂಪ್ಯೂಟರ್ ಕ್ಲಾಸಿನ ಮೊದಲ ದಿನ ನೀವು ನಮಗೆ ಕಲಿಸಿದ್ದು ಕೀಬೋರ್ಡನ್ನಲ್ಲ, ಕೈ ಮಗುಚಿ ಅಂಗೈಯ ಹಿಂಬದಿಯಿಂದ ಯಂತ್ರ ಮುಟ್ಟುವುದನ್ನು. ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದಿಂದ ಬಂದ ಅಭ್ಯಾಸ ಅದು. "ಬಿಸಿಯಾದ್ರೆ ಯಂತ್ರವೇ ಕೂಗ್ತದೆ. ತಣ್ಣಗಾದ್ರೆ ಸುಮ್ನೆ ಕೂತಿರ್ತದೆ. ಆಗ ಹೆದರ್ಬೇಕು" ಅಂದಿದ್ದಿರಿ. ನಾವು ಬಾಯಿ ಮುಚ್ಚಿಕೊಂಡು ನಕ್ಕಿದ್ದೆವು. ಈಗ ಕುಮಟಾದ ಈ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು; ಸರ್ವರ್ ಕೋಣೆಯ ಬಾಗಿಲು ತೆಗೆಯುವಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ, ಮಾಸ್ತರರೇ. ಯಾಕೆಂದು ನಿಮಗೆ ಹೇಳುವ ಮೊದಲೇ ನೀವು...

ಆ ಮಂಗಳವಾರ ಗಾಳಿಗೆ ಕಂಬ ಬಿದ್ದು ಕರೆಂಟು ಹೋಗಿತ್ತು. ಜನರೇಟರೂ ಕೈಕೊಟ್ಟಿತು, ಯುಪಿಎಸ್ಸಿನ ಬ್ಯಾಟರಿ ಮೊದಲೇ ಹಳೆಯದು. ಹೊಳನಗದ್ದೆಯ ನಿಮ್ಮ ಮನೆಗೆ ಫೋನು ಮಾಡಿದೆ. "ಎಂತ ಗಾಬರಿ ನಿಂಗೆ? ಪ್ರೊಸೆಸರಿನ ವೇಗ ಇಳ್ಸಿಡು. ಕರೆಂಟು ಕಮ್ಮಿ ತಿಂತದೆ, ಬ್ಯಾಟರಿ ಸ್ವಲ್ಪ ಹೆಚ್ಚು ಹೊತ್ತು ಬರ್ತದೆ. ಕರೆಂಟು ಬಂದಕೂಡ್ಲೆ ಮತ್ತೆ ಏರ್ಸು. ಅದು ತಾನಾಗೇ ಏರೂದಿಲ್ಲ, ನೆನಪಿರ್ಲಿ" ಅಂದಿರಿ. "ಆತು" ಅಂದೆ. ಒಂದೇ ಸಾಲಿನ ಆದೇಶ ಟೈಪು ಮಾಡಿದೆ. ಕರೆಂಟು ಬಂತು, ಎಲ್ಲರೂ ಸಮಾಧಾನದಿಂದ ಚಹಾ ತರಿಸಿ ಕುಡಿದೆವು. ಏರಿಸಲು ಮರೆತೆ.

ಆಮೇಲೆ ಕೌಂಟರಿನವರು "ಇದೆಂತ ಇಷ್ಟು ಸಾವಕಾಶ?" ಅಂತ ಕೇಳುತ್ತಲೇ ಇದ್ದರು. ಲ್ಯಾಬಿನ ರಿಪೋರ್ಟು ಪರದೆಯ ಮೇಲೆ ಬರುವಷ್ಟರಲ್ಲಿ ರೋಗಿಗಳ ಸಾಲು ಬಾಗಿಲು ದಾಟುತ್ತಿತ್ತು. ಕೇಬಲ್ ಬದಲಿಸಿದೆ, ಡಿಸ್ಕು ಪರೀಕ್ಷಿಸಿದೆ, ನೆಟ್‌ವರ್ಕಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕೈಯಾರೆ ಮಾಡಿದ್ದು ನನಗೇ ನೆನಪಿರಲಿಲ್ಲ.

ಶುಕ್ರವಾರ ನಿಮ್ಮನ್ನು ರಿಕ್ಷಾದಲ್ಲಿ ಕರೆತಂದರು. ಎದೆನೋವು. ಸ್ಟ್ರೆಚರಿನಲ್ಲಿ ಮಲಗಿದ್ದವರು ನನ್ನನ್ನು ನೋಡಿ "ಯಂತ್ರ ಸಮಾ ಅದ್ಯಾ?" ಅಂತ ಕೇಳಿದಿರಿ. "ಅದೆ" ಅಂದೆ. ನಿಮಗೆ ನಾನು ಹೇಳಿದ ಕೊನೆಯ ಮಾತು ಸುಳ್ಳಾಗಿತ್ತು. ನರ್ಸು ನಿಮ್ಮ ರಕ್ತದ ರಿಪೋರ್ಟಿಗಾಗಿ ಗುಂಡಿ ಒತ್ತಿ ಒತ್ತಿ ಕಾಯುತ್ತಿದ್ದಳು. ನಾನು ಸರ್ವರ್ ಕೋಣೆಗೆ ಓಡಿದೆ. ಏನೂ ತೋಚದೆ ಕೈ ಮಗುಚಿ ಮುಟ್ಟಿದೆ. ಇಡೀ ಆಸ್ಪತ್ರೆಯ ಕೆಲಸ ಹೊತ್ತಿದ್ದ ಯಂತ್ರ ತಣ್ಣಗಿತ್ತು. ಆಗ ನೆನಪಾಯಿತು. ವೇಗ ಏರಿಸಿದೆ, ರಿಪೋರ್ಟು ಬಂತು. ನೀವು ಸಂಜೆಯವರೆಗೂ ಉಳಿಯಲಿಲ್ಲ.

ಆ ರಿಪೋರ್ಟು ಎಷ್ಟು ಹೊತ್ತು ತಡವಾಯಿತು? ಕಂಪ್ಯೂಟರಿನಲ್ಲಿ ಅದು ದಾಖಲಾಗಿದೆ, ತೆರೆದು ನೋಡುವ ಧೈರ್ಯವಿಲ್ಲ. ಬೇಗ ಬಂದಿದ್ದರೆ ಡಾಕ್ಟರು... ಕೇಳುವ ಧೈರ್ಯವೂ ಇಲ್ಲ. ನಿಮ್ಮ ಹೆಂಡತಿ ಶಾರದಕ್ಕ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ.

ಇವತ್ತು ಮಾತ್ರ ತಡೆಯಲಾಗದೆ ನಿಮ್ಮ ಮನೆಗೆ ಹೋದೆ. ಶಾರದಕ್ಕನ ಮುಂದೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಸೆರಗಿನ ತುದಿ ಹಿಂಡುತ್ತಾ ಹೇಳಿದರು: "ಅವ್ರು ಆ ದಿನ ಬೆಳಿಗ್ಗೆನೇ ಎದೆ ಹಿಡ್ಕಂಡು ಕೂತಿದ್ರು. ಗ್ಯಾಸು ಅಂದ್ರು. ನಾನೂ ಜೀರಿಗೆ ಕಷಾಯ ಕೊಟ್ಟು ಮಲಗ್ಸಿದೆ. ಎರಡು ತಾಸು ಹಾಂಗೇ ಹೋಯ್ತು. ಇದನ್ನ ನಾ ಯಾರ ಹತ್ರ ಹೇಳ್ಲಿ? ನೀ ಡಾಕ್ಟರ ಹತ್ರ ಕೇಳ್ದ್ಯಾ?"

"ಇಲ್ಲ. ಹೆದ್ರಿಕೆ ಆತದೆ."

"ನಂಗೂ" ಅಂದರು.

ಸೋಮವಾರ ನಾವಿಬ್ಬರೂ ಒಟ್ಟಿಗೆ ಹೋಗಿ, ಮನೆಯಲ್ಲಾದ ತಡವೋ ರಿಪೋರ್ಟಿನ ತಡವೋ ಎಂದು ಡಾಕ್ಟರನ್ನು ಕೇಳುತ್ತೇವೆ, ಮಾಸ್ತರರೇ. ಅವರ ಒಂದು ಮಾತು ಅಕ್ಕನಿಗೆ ಹಗುರವಾದರೆ ನನಗೆ ಭಾರವಾಗಬಹುದು, ನನಗೆ ಹಗುರವಾದರೆ ಅಕ್ಕನಿಗೆ. ಅವರು ಏನು ಹೇಳಲಿ ಎಂದು ಬೇಡಿಕೊಳ್ಳಬೇಕೋ ನನಗೆ ಗೊತ್ತಾಗುತ್ತಿಲ್ಲ.