ಅಟ್ಟದ ಮೇಲಿನ ನಿನ್ನ ಮರ

ರೊಕ್ಕಾಸ್ಪಿನಾ,
10 ಆಗಸ್ಟ್ 1978, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿನ್ನ ಸೊಂಟನೋವು ಹೇಗಿದೆ? ಹಡಗಿನ ಅಡುಗೆಮನೆಯ ಬಿಸಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತರೆ ಸೊಂಟ ಇನ್ನೇನಾದೀತು. ಅರ್ಮಿದಾ ಚಿಕ್ಕಮ್ಮ ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ ಅಥವಾ ಅದನ್ನೂ ಸಮುದ್ರಕ್ಕೆ ಎಸೆದೆಯೋ, ದೇವರೇ ಬಲ್ಲ. ಅಪ್ಪ ಗಟ್ಟಿಯಾಗಿದ್ದಾರೆ. ಹಸಿವು ಚೆನ್ನಾಗಿದೆ, ಬೈಗುಳವೂ ಚೆನ್ನಾಗಿದೆ. ಕಣ್ಣು ಮಾತ್ರ ಪೂರ್ತಿ ಹೋದಂತೆಯೇ. ಎದುರಿಗೆ ನಿಂತರೆ ನೆರಳು ಅಲ್ಲಾಡಿದ ಹಾಗೆ ಕಾಣುತ್ತದಂತೆ, ಅಷ್ಟೆ.

ಊರಿಗೆ ಇದಿನ್ನೂ ಗೊತ್ತಿಲ್ಲ. ಯಾರಿಗೂ ಹೇಳಕೂಡದೆಂದು ಅಮ್ಮನ ಸಮಾಧಿಯ ಮುಂದೆ ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಿನಗೆ ಬರೆಯುವುದು ಆ ಲೆಕ್ಕಕ್ಕೆ ಸೇರುವುದಿಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಮೂರು ವರ್ಷದಿಂದ ಅಪ್ಪನ ಹೆಸರಿನಲ್ಲಿ ಬಿಲ್ಲು ಮಾಡುತ್ತಿರುವವಳು ನಾನು. ನಮ್ಮ ಕೇರಿಯ ಮುಖಂಡ ದಾರಿಯೊ ಬಾಗಿಲು ತಟ್ಟಿದರೆ ನಾನು ಕತ್ತಿ ಕೆಳಗಿಟ್ಟು ಕಾಫಿ ಕಾಯಿಸಲು ಓಡಬೇಕು, ಅಪ್ಪ ನನ್ನ ಜಾಗದಲ್ಲಿ ಕೂತು ಒಂದು ಸೌದೆತುಂಡು ಕೆರೆಯಬೇಕು. ಮೂರು ವರ್ಷದಿಂದ ಅದೇ ತುಂಡು. ಈಗ ಅದು ಸೌಟಿನ ಹಿಡಿಯಷ್ಟು ಸಣ್ಣಗಾಗಿದೆ. "ಮೇಸ್ತ್ರಿ, ನಿಮ್ ಕೈ ಇರೋವರೆಗೂ ನಮ್ ಕೇರಿಗೆ ಸೋಲಿಲ್ಲ ಬಿಡಿ," ಅನ್ನುತ್ತಾನೆ ದಾರಿಯೊ. ಆಮೇಲೆ ನನ್ನ ಕಡೆ ತಿರುಗಿ, "ನಿವೆಸ್, ಸಕ್ಕರೆ ಸ್ವಲ್ಪ ಜಾಸ್ತಿ ಹಾಕಮ್ಮ." ಆ ಕಾಫಿಯನ್ನು ಅವನ ತಲೆಯ ಮೇಲೆ ಸುರಿಯಬೇಕೆನಿಸುತ್ತದೆ.

ಲಿವೊರ್ನೊದಲ್ಲಿ ಮರದ ದೋಣಿ ಕಟ್ಟುವವರು ಮತ್ತೆ ಬರೆದಿದ್ದಾರೆ. ಅಕ್ಟೋಬರ್ ಒಂದರಿಂದ ಕೆಲಸಕ್ಕೆ ಬಾ, ಕೇಳುವುದು ಇದೇ ಕೊನೆಯ ಸಲ ಎಂದು. ನನಗೆ ಹೋಗಬೇಕು ಅಣ್ಣಾ. ಮೂವತ್ತೆಂಟಾಯಿತು, ಈ ಬೆಟ್ಟದ ಮೇಲೆ ಉಸಿರು ಕಟ್ಟುತ್ತಿದೆ. ಆದರೆ ಹೇಳಲು ಬಾಯಿ ತೆರೆದ ಕೂಡಲೇ ಅಪ್ಪ ಕೈಚಾಚಿ ನನ್ನ ತೋಳು ಹುಡುಕುತ್ತಾರೆ, ನಾನು ಅವರನ್ನು ಕುರ್ಚಿಗೆ ಕರೆದೊಯ್ದು ಕೂರಿಸುತ್ತೇನೆ. ನೀನು ಹೊರಟ ದಿನ, "ಎರಡೇ ವರ್ಷ ಕಣೇ, ಬಂದ್ಬಿಡ್ತೀನಿ," ಅಂದಿದ್ದೆ. ಹನ್ನೊಂದಾಯಿತು. ಜಗಳಕ್ಕಲ್ಲ, ಸುಮ್ಮನೆ ನೆನಪಾಯಿತು. ಸುಳ್ಳೇಕೆ, ಜಗಳಕ್ಕೇ.

ಸೋಮವಾರ ನಾನೊಂದು ಕೆಲಸ ಮಾಡಿದೆ. ಇಪ್ಪತ್ತೇಳರ ಭಾನುವಾರ ಕೇರಿ ಕೇರಿಗಳ ನಡುವೆ ನಡೆಯುವ ಬಿಲ್ಲುಗಾರಿಕೆಯ ಸ್ಪರ್ಧೆಗೆ ನಮ್ಮ ಕೇರಿಗೆ ಕೊಡಬೇಕಾದ ಬಿಲ್ಲು ಮುಗಿಯುತ್ತ ಬಂದಿತ್ತು. ಕೊರಕಲಿನಾಚೆ ಹಳದಿ ಹೂಗೊಂಚಲು ಜೋಲುವ ಮರಗಳಿವೆಯಲ್ಲ, ಅಲ್ಲಿಂದಲೇ ತಂದು ಐದು ವರ್ಷ ಒಣಗಿಸಿದ ಮರ. ಅಟ್ಟದಲ್ಲಿ ನಿನ್ನದೊಂದನ್ನು ಬಿಟ್ಟರೆ ಇದೇ ಕೊನೆಯದು. ಬಿಲ್ಲಿನ ಬೆನ್ನ ಮೇಲೆ ಮರದ ಒಂದೇ ವರ್ಷದ ಬೆಳವಣಿಗೆಯ ಬಳೆ ತುದಿಯಿಂದ ತುದಿಗೆ ತುಂಡಾಗದೆ ಸಾಗಬೇಕೆಂದು ಅಪ್ಪ ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ್ದರು. ಬಿಲ್ಲಿನ ಮೇಲ್ತೋಳಿನ ನಡುವೆ, ಎರಡು ಬೆರಳಗಲ, ಆ ಬಳೆಯನ್ನು ನಾನು ಬೇಕೆಂದೇ ಕೊಯ್ದೆ. ಪೂರ್ತಿ ಎಳೆದರೆ ಅಲ್ಲಿಂದಲೇ ಸೀಳು ಏಳುತ್ತದೆ. ಯಾರಿಗಾದರೂ ಪೆಟ್ಟಾಗಲಿ ಎಂದಲ್ಲ. ಅಪ್ಪನ ಹೆಬ್ಬೆರಳು ಬೆನ್ನ ಮೇಲೆ ಓಡದೆ ಯಾವ ಬಿಲ್ಲೂ ನಮ್ಮ ಬಾಗಿಲು ದಾಟುವುದಿಲ್ಲ. ಸಿಕ್ಕಿಬೀಳುತ್ತೇನೆ, "ನಿನ್ ಕೈಲಾಗಲ್ಲ, ತೊಲಗು," ಎಂದು ಅಪ್ಪನೇ ನನ್ನನ್ನು ಓಡಿಸುತ್ತಾರೆ ಎಂದುಕೊಂಡೆ. ಬೈಸಿಕೊಂಡಾದರೂ ಮನೆ ಬಿಡಬೇಕೆಂದು ನಾನು ಹೂಡಿದ ಉಪಾಯ ಇದು, ನಗಬೇಡ.

ನಿನ್ನೆ ಅಪ್ಪ ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೆಬ್ಬೆರಳು ಕೆಳತುದಿಯಿಂದ ಹೊರಟಿತು, ಹಿಡಿ ದಾಟಿತು, ನಾನು ಕೊಯ್ದ ಜಾಗದಲ್ಲಿ ನಿಂತಿತು. ಹಿಂದೆ ಸರಿದು ಮತ್ತೆ ಅಲ್ಲಿಗೇ ಬಂತು. ಅಪ್ಪ ಬಿಲ್ಲನ್ನು ಗೋಡೆಗೆ ಒರಗಿಸಿ, "ಕಾಳು ಬೆಂದಿದ್ಯೇನೆ?" ಎಂದು ಕೇಳಿದರು. ಎರಡು ತಟ್ಟೆ ಉಂಡು ಮಲಗಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂಚೆಯವನ ಸ್ಕೂಟರು ಕೆಳಗಿನ ತಿರುವಿಗೆ ಬಂದಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಸೊಂಟಕ್ಕೆ ಉಣ್ಣೆಪಟ್ಟಿ ಕಟ್ಟಿಕೋ. ನೀನು ಎಷ್ಟು ದೂರ ಹೋದರೂ ಅಮ್ಮನ ಕಣ್ಣು ನಿನ್ನ ಮೇಲಿರಲಿ.

ನಿನ್ನ ತಂಗಿ,
ನಿವೆಸ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಕರೆದರು. ಅಂಚೆಯವನನ್ನು ಬಾಗಿಲಲ್ಲೇ ಕಾಯಿಸಿ ಇದನ್ನು ಬರೆಯುತ್ತಿದ್ದೇನೆ. ಹೊಸ ಬಿಲ್ಲನ್ನು ಕೇರಿಗೆ ಒಪ್ಪಿಸುವಾಗ ಚೌಕದಲ್ಲಿ ಎಲ್ಲರೆದುರು ಮೊದಲ ಸಲ ಪೂರ್ತಿ ಎಳೆಯುವುದು ಮಾಡಿದವರೇ ತಾನೆ. ಇಷ್ಟು ವರ್ಷವೂ ಅಪ್ಪನೇ ಎಳೆದದ್ದು. "ಈ ಸಲ ನೀನ್ ಎಳಿ ಕಣೇ. ನನ್ ಕಣ್ಣಿನ ವಿಷ್ಯ ದಾರಿಯೊಗೆ ನಾನೇ ಹೇಳ್ತೀನಿ," ಎಂದರು. ಆಮೇಲೆ ಮೆಲ್ಲಗೆ, "ಗೋಡೆಗೆ ಒರಗಿಸಿದ್ದನ್ನಲ್ಲ. ಅಟ್ಟದ್ದು ಇಳಿಸಿ ಇನ್ನೊಂದು ಮಾಡು." ಅಟ್ಟದ್ದೆಂದರೆ ನೀನು ಹುಟ್ಟಿದ ಚಳಿಗಾಲದಲ್ಲಿ ನಿನಗೆಂದು ಕಡಿದಿಟ್ಟ ಮರ. ಹೆಣ್ಣುಮಕ್ಕಳಿಗೆ ಕಡಿಯುವುದಿಲ್ಲ, ಹಾಗಾಗಿ ನನ್ನದು ಅಂತ ಒಂದಿಲ್ಲ. ಚೌಕದಲ್ಲಿ ನಾನು ಎಳೆದೆನೆಂದರೆ ಅವತ್ತಿನಿಂದ ಈ ಮನೆಯ ಮೇಸ್ತ್ರಿ ನಾನು, ಲಿವೊರ್ನೊ ಮುಗಿದಂತೆ. ಇಪ್ಪತ್ತನೇ ತಾರೀಖಿನವರೆಗೆ ನಿನ್ನ ಮರವನ್ನು ಮುಟ್ಟುವುದಿಲ್ಲ. ನಿನಗೂ ಈ ಕೆಲಸದ ಕೈ ಇತ್ತು, ಬಂದು ನೀನೇ ಅದಕ್ಕೆ ಕತ್ತಿ ಹಾಕು. ಬರದಿದ್ದರೆ ಇಪ್ಪತ್ತೊಂದರ ಬೆಳಿಗ್ಗೆ ನಾನು ಹಾಕುತ್ತೇನೆ. ಅಟ್ಟ ಹತ್ತಿ ನೋಡಿ ಬಂದೆ, ಎಲ್ಲೂ ಒಂದು ಗಂಟಿಲ್ಲ. ನನ್ನ ಕೈಯಲ್ಲಿ ತುಂಬ ಒಳ್ಳೆಯ ಬಿಲ್ಲಾಗುತ್ತದೆ ಅಣ್ಣಾ. ಅದೇ ನನಗೆ ಹೆದರಿಕೆ.