ಪಂಪ್ ಶೆಡ್‌ನ ಹೆಬ್ಬಾವು

ಫೆಬ್ರವರಿ 3, ಮಂಗಳವಾರ

ಕೋಳಿಗೂಡು ತೊಳೆದೆ. ಎರಡು ಕೋಳಿ ಕಡಿಮೆ. ಪುಕ್ಕ ನೋಡಿಕೊಂಡು ಪಂಪ್ ಶೆಡ್‌ವರೆಗೆ ಹೋದೆ. ಹಲಗೆಯ ಕೆಳಗೆ ಹೆಬ್ಬಾವು. ನನ್ನ ತೊಡೆಯಷ್ಟು ದಪ್ಪ. ಹೊಟ್ಟೆಯಲ್ಲಿ ಕೋಳಿಯ ಉಬ್ಬು.

ಹಾವೇ ಇಲ್ಲದ ದೇಶ ಎಂದು ಹೇಳಿ ತಾನೆ ಮಗ ಧೀರಜ್ ನನ್ನನ್ನು ಹ್ಯಾಮಿಲ್ಟನ್‌ಗೆ ಕರೆತಂದದ್ದು!

ಬಾಗಿಲು ಎಳೆದು ಬಂದೆ. ಯಾರಿಗೂ ಹೇಳುವುದಿಲ್ಲ. ಸೊಸೆ ಸ್ಮೃತಿಗೆ ಏಳು ತಿಂಗಳು. ಬಸುರಿಯ ಗಂಡ ಹಾವು ಕೊಲ್ಲಬಾರದು. ಗೊತ್ತಾದರೆ ಧೀರಜ್ ಗುದ್ದಲಿ ಹಿಡಿಯುತ್ತಾನೆ.

"ಕೋಳಿ ಎಲ್ಲಿ, ಅಮ್ಮ?" ಎಂದ.

"ಸ್ಟೋಟ್ ತಿಂದಿರ್ಬೇಕು." ಇಲ್ಲಿಯ ಮುಂಗುಸಿಯಂಥ ಪ್ರಾಣಿ. ನಂಬಿದ.

ಫೆಬ್ರವರಿ 8, ಭಾನುವಾರ

ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯ ಬೆಕ್ಕು ಬೇಲಿಯಿಂದ ಇಳಿಯಿತು. ಇಳಿದದ್ದಷ್ಟೇ. ಹಾವು ಮುಖಕ್ಕೇ ಬಾಯಿ ಹಾಕಿತು. ಮೂರು ಸುತ್ತು. ಬೆಕ್ಕು ಕೂಗಲಿಲ್ಲ, ಕೂಗಲು ಉಸಿರು ಬೇಕು. ಒಣ ಕಡ್ಡಿ ಮುರಿದ ಸದ್ದು. ಹಿಂಗಾಲು ಒದ್ದವು... ನಿಂತವು. ನುಂಗಿ ಮುಗಿಸುವವರೆಗೂ ಬುಟ್ಟಿ ಹಿಡಿದು ನಿಂತೇ ಇದ್ದೆ.

ಸಂಜೆ ಪಕ್ಕದವರು ಬೆಕ್ಕು ಕೇಳಿ ಬಂದರು. ನೋಡಿಲ್ಲ ಎಂದೆ.

ಪೂರ್ವಿಯನ್ನು ಗದರಿದೆ, "ಶೆಡ್ ಕಡೆ ಕಾಲಿಟ್ರೆ ಕಾಲು ಮುರೀತೀನಿ."

"ವೈ, ಅಜ್ಜಿ?"

"ನಾನು ಹೇಳಿದ್ದಕ್ಕೆ."

"ದಟ್ಸ್ ನಾಟ್ ಅ ರೀಸನ್!"

ಮೊಮ್ಮಗಳಿಗೆ ಇನ್ನೂ ಆರು ವರ್ಷ.

ಫೆಬ್ರವರಿ 15, ಭಾನುವಾರ

ನಿನ್ನೆಯದು. ಈಗ ಕೂತು ಬರೆಯುತ್ತಿದ್ದೇನೆ.

ಸ್ಮೃತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಧೀರಜ್ ಅಂಗಡಿಗೆ. ಕೋಳಿಗೂಡಿನ ಹಿಂದೆ ಪೂರ್ವಿಯ ಕಿರುಚು, ನಡುವೆಯೇ ನಿಂತುಹೋಯಿತು. ಓಡಿದೆ. ಎಡಗೈಯಲ್ಲಿ ಹಾವಿನ ಹಲ್ಲು. ಎದೆಯ ಮೇಲೆ ಎರಡು ಸುತ್ತು.

ಗುದ್ದಲಿ ತಂದೆ. ತಲೆಗೆ ಹೊಡೆದರೆ ಮಗುವಿನ ಕೈ ಹೋಗುತ್ತದೆ. ಕತ್ತಿನ ಹಿಂದೆ ಹೊಡೆದೆ. ಬಿಡಲಿಲ್ಲ. ಮತ್ತೆ. ಮತ್ತೆ. ಕನ್ನಡಕಕ್ಕೆ ರಕ್ತ ಸಿಡಿಯಿತು, ಒರೆಸಲಿಲ್ಲ. ಮಗುವಿನ ತುಟಿ ನೀಲಿ. ತಲೆ ಬೇರೆಯಾಯಿತು, ಹಲ್ಲು ಕೈಯಲ್ಲೇ. ಮುಂಡ ಇನ್ನೂ ಬಿಗಿಯುತ್ತಿತ್ತು. ಬಾಲದಿಂದ ಬಿಚ್ಚಿದೆ. ಉಸಿರು ಬಂತು. ಆಮೇಲೆ ಅಳು.

ಪೂರ್ವಿ ಆಸ್ಪತ್ರೆಯಲ್ಲಿದ್ದಾಳೆ, ಎರಡು ಪಕ್ಕೆಲುಬು ಮುರಿದಿವೆ. ಕೈಗೆ ಹತ್ತೊಂಬತ್ತು ಹೊಲಿಗೆ.

ಧೀರಜ್ ನನ್ನ ಕಾಲು ಹಿಡಿದ. "ನೀನಿಲ್ದಿದ್ರೆ ಅಮ್ಮ..." ಎದ್ದೇಳು ಎಂದೆ. ಸ್ಮೃತಿ ತಬ್ಬಿಕೊಂಡಳು. ತಬ್ಬಿಸಿಕೊಂಡೆ.

ಹಾವು ಕೊಲ್ಲಬಾರದವನು ಮಗ. ನನಗೆ ಯಾವ ತಡೆಯೂ ಇರಲಿಲ್ಲ. ಮೂರನೇ ತಾರೀಕೇ ಕೊಲ್ಲಬಹುದಿತ್ತು.

ಫೆಬ್ರವರಿ 16, ಸೋಮವಾರ

ಸರ್ಕಾರದ ಆಫೀಸರ್ ಬಂದಿದ್ದ. ಯಾರೋ ಕದ್ದುಮುಚ್ಚಿ ಸಾಕಿ ಬಿಟ್ಟಿದ್ದಾರಂತೆ. ಹೆಣ್ಣು. ಕೊಯ್ದು ನೋಡಿದ್ದಾರೆ, ಈಚೆಗೆ ಮೊಟ್ಟೆ ಇಟ್ಟಿದೆ. ಎಷ್ಟು ದಿನದಿಂದ ಇಲ್ಲಿತ್ತು ಎಂದು ಕೇಳಿದ. ಧೀರಜ್ ನನಗೆ ಕನ್ನಡದಲ್ಲಿ ಹೇಳಿದ.

"ಶನಿವಾರವೇ ಮೊದಲು ನೋಡಿದ್ದು" ಎಂದೆ.

ಹಾಗಾದರೆ ಮೊಟ್ಟೆ ಬೇರೆಲ್ಲೋ ಇದೆ ಎಂದು ಹೊರಟುಹೋದ. ನಾಳೆ ಪೂರ್ವಿ ಮನೆಗೆ ಬರುತ್ತಾಳೆ.

ಫೆಬ್ರವರಿ 17, ಬೆಳಿಗ್ಗೆ 8

ಗಂಡ ಹೆಂಡತಿ ಆಸ್ಪತ್ರೆಗೆ ಹೊರಟಿದ್ದರು. ಕೂತ್ಕೊಳ್ಳಿ ಎಂದೆ. ಹೇಳಿದೆ. ಕೋಳಿ, ಬೆಕ್ಕು, ಹಲಗೆ — ಎಲ್ಲ.

"ಹನ್ನೊಂದು ದಿನ, ಅತ್ತೆ?" ಸ್ಮೃತಿಯ ದನಿ ಏರಲಿಲ್ಲ. "ನನ್ನ ಮಗು ಅಲ್ಲೇ ಆಡ್ತಿತ್ತು."

"ಧೀರಜ್ ಕೊಂದುಬಿಡ್ತಾನೆ ಅಂತ..."

"ನೀವು ಯಾಕೆ ಹೊಡೀಲಿಲ್ಲ?"

ನನ್ನ ಗಂಡನ ಮುಂದೂ ಆಡದ ಮಾತು ಆಡಿದೆ. "ಹೆದರಿಕೆ ಆಯ್ತು."

ಧೀರಜ್ ಆಫೀಸರ್‌ಗೆ ಫೋನ್ ಮಾಡಿದ.

ಮಧ್ಯಾಹ್ನ 2

ಶೆಡ್‌ನ ಹಲಗೆ ಕಿತ್ತಿದ್ದಾರೆ. ಮೊಟ್ಟೆ ಸಿಕ್ಕಿವೆ, ಮೂವತ್ತರ ಮೇಲೆ. ಎಲ್ಲ ಹುಡುಕಿ ಮುಗಿಯುವವರೆಗೆ ಮನೆ ಖಾಲಿ ಮಾಡಬೇಕಂತೆ. ನನ್ನ ಬ್ಯಾಗ್ ಕಟ್ಟಿಟ್ಟುಕೊಂಡು ವರಾಂಡದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕಾರು ಬಂತು. ಸ್ಮೃತಿ ಇಳಿಯಲಿಲ್ಲ. ಧೀರಜ್ ಒಳಗೆ ಹೋಗಿ ಪೂರ್ವಿಯ ಬಟ್ಟೆ ತಂದ. ನನ್ನ ಬ್ಯಾಗ್ ದಾಟಿಕೊಂಡೇ ಹೋದ.

ಪೂರ್ವಿ ಕಿಟಕಿ ಇಳಿಸಿದಳು. "ಮಮ್, ಈಸ್ ಅಜ್ಜಿ ಕಮಿಂಗ್?"

ಸ್ಮೃತಿ ನನ್ನ ಕಡೆ ತಿರುಗಿ ನೋಡಿದಳು, ಪೂರ್ವಿಯ ಕಿಟಕಿ ಏರಿಸಿದಳು. ಕಾರು ಹೊರಟಿತು.