ಹಿಮ್ಮಡಿಗೆ ಅಂಟದ ಸುಣ್ಣ

ದಾವಲ್ ಕಾಕಾ, ಸಲಾಂ.

ನಿಮಗೆ ಕೋಟು ತೊಡಿಸಿದ್ದಾರೆ. ಬಸ್‌ಸ್ಟ್ಯಾಂಡಿನ ಎದುರು ಆಳೆತ್ತರದ ಫ್ಲೆಕ್ಸ್. ಮುಖ ನಿಮ್ಮದು, ಕೆಳಗೆ ಯಾರದೋ ನೀಲಿ ಕೋಟು, ಟೈ. ಈದ್ ದಿನ ಬಿಟ್ಟರೆ ಹತ್ತಿಯ ಎಳೆ ಮೆತ್ತಿದ ಬನಿಯನ್ನಿನಲ್ಲೇ ಇರುತ್ತಿದ್ದವರು ನೀವು. ‘ಮಹಿಳಾ ಕಬಡ್ಡಿಯ ಪಿತಾಮಹ’ ಎಂದು ಬೇರೆ ಬರೆಸಿದ್ದಾರೆ. ಬರೆಸಿದವನು ಯಾರು ಗೊತ್ತೇ? ಗದಿಗೆಪ್ಪ. ನೀವು ತೀರಿಕೊಂಡಾಗ ಮಣ್ಣಿಗೂ ಬಾರದವನು ಈಗ ನಿಮ್ಮ ಹೆಸರಿನ ಪಂದ್ಯಾವಳಿಗೆ ಅಧ್ಯಕ್ಷ. ನೋಡಿ ಹೇಸಿಗೆಯಾಯಿತು ಕಾಕಾ.

ಅಂದು ಅವನು ಆಡಿದ ಮಾತು ನಿಮಗೆ ನೆನಪಿರಬೇಕು. ನೀವು ಗಾದಿ ತುಂಬುವ ಪಿಂಜಾರರು, ಹರೆಯದಲ್ಲಿ ಕಬಡ್ಡಿ, ಆಗಿನವರ ಬಾಯಲ್ಲಿ ಹುತುತು, ಆಡಿ ಮೊಣಕಾಲು ಕೆಡಿಸಿಕೊಂಡವರು. ನಮ್ಮ ಏಳು ಹುಡುಗಿಯರನ್ನು ಅಂಗಡಿಯ ಹಿತ್ತಲಿಗೆ ಕರೆದು, ಹರಿದ ಗಾದಿಗಳನ್ನು ಹಾಸಿ, ಮೊದಲು ಕಲಿಸಿದ್ದು ಬೀಳುವುದನ್ನು. “ಬೀಳಾಕ ಹೆದರಾಕಿ ಹಿಡ್ಯಾಕ ಹೆಂಗ ಬರ್ತಾಳ?” ಅನ್ನುತ್ತಿದ್ದಿರಿ. ಈ ಪಿಂಜಾರ ಹೆಣ್ಣುಮಕ್ಕಳನ್ನು ಹೊರಳಾಡಿಸಿ ಊರಿನ ಮಾನ ಕಳೆಯುತ್ತಾನೆ ಎಂದು ಗದಿಗೆಪ್ಪ ಚಹಾದಂಗಡಿಯಲ್ಲಿ ಸಾರಿದ. ಮಾರನೆಯ ದಿನ ಹಿತ್ತಲ ತುಂಬ ಜಾಲಿಮುಳ್ಳು. ನೀವು ಯಾರ ಹೆಸರನ್ನೂ ಎತ್ತದೆ ಬಗ್ಗಿ ಆರಿಸತೊಡಗಿದಿರಿ. ನಾವೂ ಆರಿಸಿದೆವು.

ನವಲಗುಂದದ ಫೈನಲ್‌ನಲ್ಲಿ ನಮ್ಮ ಕಸ್ತೂರಿ ಗೆರೆ ತುಳಿದಳಲ್ಲ, ಆ ಸಂಜೆ... ತೀರ್ಪು ಕೊಡುವ ಪಂಚರು ನೋಡಿರಲಿಲ್ಲ. ಅವಳೇ ಕಾಲೆತ್ತಿ, ಹಿಮ್ಮಡಿಗೆ ಅಂಟಿದ ಸುಣ್ಣ ನೋಡಿಕೊಂಡು, ಔಟಾದೆ ಎಂದು ಕೈ ಎತ್ತಿದಳು. ಒಂದು ಅಂಕದಿಂದ ಸೋತೆವು. ಬರುವಾಗ ಟೆಂಪೊದಲ್ಲಿ ಯಾರೂ ಅವಳನ್ನು ಮಾತನಾಡಿಸಲಿಲ್ಲ. ನೀವು ಗಿರ್ಮಿಟ್ಟಿನ ಮೊದಲ ಪೊಟ್ಟಣ ಅವಳ ಕೈಗೇ ಕೊಟ್ಟಿರಿ. “ಗೆರಿ ತುಳದ್ರ ನೀನ ಕೈ ಎತ್ತಬೇಕು ಬೇ. ಪಂಚ್ ನೋಡ್ಲಿ, ಬಿಡ್ಲಿ.” ಜೀವಮಾನವಿಡೀ ನೀವು ಮಾಡಿದ ಉಪದೇಶ ಅದೊಂದೇ. ಫ್ಲೆಕ್ಸಿನಲ್ಲಿ ಅದಿಲ್ಲ. ಛಲ, ಗುರಿ, ಸಾಧನೆ ಎಂದು ನಾಲ್ಕು ಸಾಲು ಹಾಕಿ ಕೆಳಗೆ ನಿಮ್ಮ ಹೆಸರು ಬರೆದಿದ್ದಾರೆ. ಅಂಥ ಮಾತು ನಿಮ್ಮ ಬಾಯಲ್ಲಿ ಎಂದಾದರೂ ಬಂದಿತ್ತೇ?

ಹೋದ ಭಾನುವಾರ ಪಂದ್ಯ. ಅಂಗನವಾಡಿ ಕೆಲಸ ಮುಗಿಸಿ ನಾನು ಸಂಜೆ ಶಾಲೆಯ ಮೈದಾನದಲ್ಲಿ ಆಡಿಸುವ ಹುಡುಗಿಯರದೇ ಮೊದಲ ಆಟ ಎಂದು ಗದಿಗೆಪ್ಪ ಮಾತು ಕೊಟ್ಟಿದ್ದ. ಅವತ್ತು ಬೆಳಿಗ್ಗೆ ಬಂದು, “ಕಪ್ ಕೊಡಾಕ ಬರೋ ಸಾಹೇಬ್ರು ಲಗೂನ ಹೋಗ್ತಾರಂತವಾ. ಹುಡುಗ್ಯಾರು ಸೀರಿ ಉಟ್ಟು ಆರತಿ ತಾಟ ಹಿಡೀಲಿ, ಸಾಕು” ಅಂದ. ಆಡುವುದು ಗಂಡುಹುಡುಗರು ಮಾತ್ರ, ಅದೂ ನಿಮ್ಮ ಹೆಸರಿನಲ್ಲಿ! ನನ್ನ ಹುಡುಗಿಯರು ಜರ್ಸಿಯ ಮೇಲೆಯೇ ಸೀರೆ ಸುತ್ತಿಕೊಂಡರು. ಕೊನೆಗಾದರೂ ಕರೆದಾರು ಎಂಬ ಆಸೆ, ಪಾಪ. ಯಾರು ಕರೆಯುತ್ತಾರೆ?

ಫೈನಲ್ ಇದ್ದದ್ದು ನಮ್ಮೂರಿಗೂ ತಿರ್ಲಾಪುರಕ್ಕೂ. ಎರಡೂ ಕಡೆ ಅಂಕ ಸಮ, ಕೊನೆಯ ರೇಡ್ ನಮ್ಮದು. ನಮ್ಮ ಹುಡುಗ ಒಬ್ಬನನ್ನು ಮುಟ್ಟಿದ, ಆದರೆ ಮುಟ್ಟುವ ಮೊದಲೇ ನಮ್ಮವನ ಕಾಲು ಗೆರೆಯ ಆಚೆ ಬಿದ್ದಿತ್ತು. ಪಂಚರು ನೋಡಲಿಲ್ಲ. ನಿಮ್ಮ ಮಣ್ಣಿನ ಅಂಗಳವಾಗಿದ್ದರೆ ಹಿಮ್ಮಡಿಗೆ ಸುಣ್ಣ ಅಂಟುತ್ತಿತ್ತು. ಇದು ಬಾಡಿಗೆಗೆ ತಂದ ಮ್ಯಾಟು. ಅದರ ಬಿಳಿ ಪಟ್ಟಿ ಯಾರ ಕಾಲಿಗೂ ಅಂಟುವುದಿಲ್ಲ. ಅವನು ಕೈ ಎತ್ತಲಿಲ್ಲ. ಸೀಟಿ, ಕೇಕೆ. ಆ ಗದ್ದಲದ ನಡುವೆ, ಗೆರೆಯ ಪಕ್ಕದಲ್ಲೇ ತಾಟು ಹಿಡಿದು ನಿಂತಿದ್ದ ರೇಣುಕಾ, ನಮ್ಮ ಕಸ್ತೂರಿಯ ಮಗಳು, ಒಂದು ಕೈ ಮೇಲೆತ್ತಿದಳು.

ಗದಿಗೆಪ್ಪ ಮೈಕಿನಲ್ಲಿ ಕೈ ಇಳಿಸು ಅಂದ. ಅವಳು ಇಳಿಸಲಿಲ್ಲ. ಸಾಲಿನಲ್ಲಿದ್ದ ಉಳಿದವರೂ ಎತ್ತಿದರು, ನಾನೂ ಎತ್ತಿದೆ. ಪಂಚರು ಆ ಹುಡುಗನ ಹತ್ತಿರ ಹೋಗಿ ಕೇಳಿದರು. ಅವನು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಅಷ್ಟೇ. ಕಪ್ಪು ನಮ್ಮೂರಿಗೆ ಬಂತು. ಗೆದ್ದವರು ಸಾಹೇಬರ ಜೊತೆ ಹಲ್ಲು ಕಿರಿದು ನಿಂತರು, ಅವರ ಹಿಂದೆ ಕೋಟು ತೊಟ್ಟ ನೀವು. ಥೂ!

ಈಗ ರೇಣುಕಾ ಊರವರ ಬಾಯಲ್ಲಿ ಉಂಡ ಮನೆಯ ಗಳ ಎಣಿಸಿದವಳು. ನಮಗೆ ಶಾಲೆಯ ಮೈದಾನ ಬಂದ್. ಹಾಗಾಗಿ ಮತ್ತೆ ನಿಮ್ಮ ಹಿತ್ತಲಿಗೇ ಬಂದಿದ್ದೇವೆ. ಕಾಕಿ ಅಟ್ಟದ ಮೇಲಿನ ಹಳೆಯ ಗಾದಿಗಳನ್ನು ಇಳಿಸಿ ಕೊಟ್ಟರು. ಧೂಳು ಕೊಡವುವಾಗ ನಿಮ್ಮ ವಾಸನೆ ಬಂದಂತಾಗಿ ಅತ್ತುಬಿಟ್ಟೆ. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ: ನಿಮ್ಮ ಹೆಸರಿನ ಮೊದಲ ಕಪ್ಪನ್ನು ನಮ್ಮೂರು ಸೋತಿದೆ ಕಾಕಾ.

ಇನ್ನೊಂದು ಸುದ್ದಿ. ನಿನ್ನೆ ತಿರ್ಲಾಪುರದವರು ಫೋನ್ ಮಾಡಿದ್ದರು. ಅಲ್ಲಿಯೂ ಹುಡುಗಿಯರ ತಂಡವಿದೆಯಂತೆ, ಮಣ್ಣಿನ ಅಂಗಳವಂತೆ, ಬರುವ ಭಾನುವಾರ ಆಡೋಣ ಬರ್ರಿ ಅಂದರು. ಹುಡುಗಿಯರಿಗೆ ಹೇಳಿದೆ. ಎಲ್ಲರೂ ಕುಣಿದರು, ರೇಣುಕಾ ಮಾತ್ರ ಗಾದಿಯ ಮೇಲೆ ಕೂತೇ ಕೇಳಿದಳು:

“ಅಲ್ಲೂ ತಾಟ ಹಿಡೀಬೇಕೇನ್ರಿ ಅಕ್ಕಾ?”

ಇಲ್ಲವ್ವ ಅಂದೆ, ಕೈ ಖಾಲಿ ಇರಲಿ. ಗೆರೆ ತುಳಿದರೆ ಎತ್ತಬೇಕಲ್ಲ.